ವಿಜಯದಶಮಿಗೆ ಮಾತ್ರ ಬಿಚ್ಚತಕ್ಕದ್ದು

ವಿಮಾನ ನಿಲ್ದಾಣ ದೇವನಹಳ್ಳಿಯ ಕಡೆಗೆ ಹೋದ ಮರುವರ್ಷ, ನಗರದ ನಡುವಿನ ಒಂದು ವಸ್ತುಸಂಗ್ರಹಾಲಯದವರು ನಮ್ಮ ಅಲ್ಲಾಳಸಂದ್ರದಲ್ಲಿ ಕೆರೆಯಿಂದ ಸ್ವಲ್ಪ ದೂರದಲ್ಲಿ ತಮ್ಮದೊಂದು ಶಾಖೆಯನ್ನು ತೆರೆಯಲು ಹೊರಟರು. ಹಿಂದೆ ರೇಷ್ಮೆಗೂಡು ತುಂಬಿಡುತ್ತಿದ್ದ ಹೆಂಚಿನ ಕಟ್ಟಡವೊಂದು ಬಹುಕಾಲದಿಂದ ಬೀಗ ಬಿದ್ದು ನಿಂತಿತ್ತು. ಅದಕ್ಕೆ ಸುಣ್ಣ ಬಳಿದರು, ನೆಲಕ್ಕೆ ಕಲ್ಲು ಹಾಸಿದರು. ಹಳೆಯ ಊರಿನ ಮನೆಗಳಲ್ಲಿ ಉಳಿದಿರುವ ಹಿಂದಿನ ವಸ್ತುಗಳನ್ನು ಕೊಟ್ಟರೆ ಜೋಪಾನವಾಗಿ ಇಟ್ಟುಕೊಂಡು ನಾಲ್ಕು ಜನಕ್ಕೆ ತೋರಿಸುತ್ತೇವೆ ಎಂದು ಮನೆಮನೆಗೆ ಕರಪತ್ರ ಹಂಚಿದರು.

ನಮ್ಮ ಬೀದಿಯಿಂದ ಕೊಟ್ಟವರು ಇಬ್ಬರು. ಒಬ್ಬರು ಎದುರುಮನೆಯ ಗೌಡರು, ಇನ್ನೊಬ್ಬ ನಾನು. ಗೌಡರು ಕೊಟ್ಟದ್ದು ತಮ್ಮ ಅಟ್ಟದ ಮೇಲೆ ಬಿದ್ದಿದ್ದ ಒಂದು ಕೂರಿಗೆ, ಎಂದರೆ ರಾಗಿ ಬಿತ್ತುವ ಸಾಧನ. ಮೇಲೆ ತೂತುಗಳುಳ್ಳ ಒಂದು ಮರದ ಬಟ್ಟಲು. ಒಂದೊಂದು ತೂತಿನಿಂದಲೂ ಇಳಿದ ಒಂದೊಂದು ಬಿದಿರಿನ ಕೊಳವೆ. ನಾನು ಕೊಟ್ಟದ್ದು ನನ್ನ ತಾತ ತಮ್ಮ ಕೈಯಿಂದಲೇ ಕಬ್ಬಿಣದ ಕಂಟದಲ್ಲಿ ಕೊರೆದು ಬರೆದ ಸ್ತೋತ್ರಗಳ ಓಲೆಗರಿಯ ಕಟ್ಟು. ಈ ಎರಡನ್ನೂ ಒಂದೇ ಸಾಲಿನಲ್ಲಿ ಬರೆಯುವಾಗ ಇಂದಿಗೂ ನನ್ನ ಕೈ ಸ್ವಲ್ಪ ಬಿಗಿಯುತ್ತದೆ. ಮನುಷ್ಯನ ಆರು ಶತ್ರುಗಳನ್ನು ಹೈಸ್ಕೂಲಿನ ಮಕ್ಕಳಿಗೆ ಮೂವತ್ತು ವರ್ಷ ಸಂಸ್ಕೃತದಲ್ಲಿ ಬಾಯಿಪಾಠ ಮಾಡಿಸಿದವನು ನಾನು. ಆರನೆಯದಾದ ಮಾತ್ಸರ್ಯ ನನ್ನ ಮನೆಗೆ ಬಂದು ನೆಲೆಸಿದಾಗ ನನಗೆ ಅದರ ಗುರುತೇ ಹತ್ತಲಿಲ್ಲ.

ಆ ಕಟ್ಟು ನಮ್ಮ ದೇವರ ಮನೆಯಲ್ಲಿ, ಸಾಲಿಗ್ರಾಮದ ಪೆಟ್ಟಿಗೆಯ ಪಕ್ಕದಲ್ಲಿ, ಕೆಂಪು ಪಟ್ಟೆಯ ವಸ್ತ್ರದಲ್ಲಿ ಸುತ್ತಿ ಇರುತ್ತಿತ್ತು. ವರ್ಷಕ್ಕೊಮ್ಮೆ, ವಿಜಯದಶಮಿಯ ಬೆಳಿಗ್ಗೆ ಮಾತ್ರ ಅದನ್ನು ಬಿಚ್ಚುವುದು. ಸ್ನಾನ ಮಾಡಿ, ಮಡಿಯುಟ್ಟು, ಆಚಮನ ಮಾಡಿ ತಂದೆಯವರು ವಸ್ತ್ರವನ್ನು ಬಿಡಿಸುವರು. ಮೇಲಿನ ಹಲಗೆಯನ್ನು ಎತ್ತಿ, ಮೊದಲನೆಯ ಗರಿಯ ಎರಡು ಸಾಲನ್ನು ಓದಿ, ಅಕ್ಷತೆ ಹೂವು ಏರಿಸಿ, ಮಂಗಳಾರತಿ ಮಾಡಿ ಮತ್ತೆ ಕಟ್ಟಿಬಿಡುವರು. ಅವರ ಕಾಲಾನಂತರ ನಾನೂ ಅದನ್ನೇ, ಅಷ್ಟನ್ನೇ, ನಡೆಸಿಕೊಂಡು ಬಂದೆ. ಮನೆಯ ಹೆಂಗಸರು ಹೊಸ್ತಿಲಾಚೆ ನಿಂತು ಕೈಮುಗಿಯಬೇಕು, ಕಟ್ಟನ್ನು ಮುಟ್ಟಕೂಡದು ಎಂಬುದು ತಾತನ ಕಾಲದಿಂದ ಬಂದ ನಿಯಮ.

ಹಾಗೆ ಹೊಸ್ತಿಲಾಚೆ ನಿಲ್ಲುತ್ತಿದ್ದವರಲ್ಲಿ ನನ್ನ ಅಕ್ಕನೂ ಒಬ್ಬಳು. ನನಗಿಂತ ನಾಲ್ಕು ವರ್ಷಕ್ಕೆ ಹಿರಿಯಳು. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಅಂದಿನಿಂದ ನಮ್ಮೊಂದಿಗೇ ಇದ್ದಾಳೆ. ಮಾತು ಕಡಿಮೆ, ಆಡಿದರೆ ನೆಟ್ಟಗೆ ನಾಟುತ್ತದೆ. ಒಂದು ವಿಜಯದಶಮಿಯಂದು ನಾನು ಕಟ್ಟನ್ನು ಸುತ್ತುತ್ತಿದ್ದಾಗ ಅವಳು ಹೊಸ್ತಿಲಾಚೆಯಿಂದ ಹೇಳಿದಳು:

"ಸಾಯೋದ್ರೊಳಗೆ ಒಂದು ಸಲ ಆ ಕಟ್ಟನ್ನ ಪೂರ್ತಿ ಬಿಚ್ಚಿ ನೋಡ್ಬೇಕು ಕಣೋ."

ಅವಳು ಜೀವಮಾನದಲ್ಲಿ ನನ್ನನ್ನು ಕೇಳಿದ್ದು ಅದೊಂದೇ. ನಿಯಮವನ್ನು ಮುರಿಯುವ ಧೈರ್ಯ ನನಗಿರಲಿಲ್ಲ. ಇಲ್ಲವೆನ್ನುವ ಕಾಠಿನ್ಯವೂ ಇರಲಿಲ್ಲ. ಕರಪತ್ರ ಬಂದಾಗ ದೇವರೇ ದಾರಿ ತೋರಿಸಿದನೆಂದುಕೊಂಡೆ. ಗಾಜಿನೊಳಗೆ ಇಟ್ಟದ್ದನ್ನು ಯಾರೂ ಮುಟ್ಟುವುದಿಲ್ಲ. ಆದರೆ ಎಲ್ಲರೂ ನೋಡಬಹುದು.

"ಅಲ್ಲಿ ಮಡಿ ಮೈಲಿಗೆಯ ಪ್ರಶ್ನೆಯೇ ಇಲ್ಲ ಅಕ್ಕ. ಎಷ್ಟು ಹೊತ್ತು ಬೇಕಾದರೂ ನಿಂತು ನೋಡು" ಎಂದು ಅವಳಿಗೆ ಮಾತು ಕೊಟ್ಟೆ.

ಕಟ್ಟನ್ನು ಒಪ್ಪಿಸಲು ಹೋದ ದಿನ ಶಾಖೆಯ ಅಧಿಕಾರಿಣಿ ಎದ್ದು ನಿಂತು ಎರಡು ಕೈಯಿಂದ ತೆಗೆದುಕೊಂಡಳು. ಆಗಷ್ಟೇ ಕೆಲಸಕ್ಕೆ ಸೇರಿದ ಎಳೆಯ ಹೆಣ್ಣುಮಗಳು. ಕಟ್ಟಿನ ಜೊತೆಗೆ ನಾನು ಒಂದು ಪುಟದ ಪತ್ರವನ್ನೂ ಕೊಟ್ಟೆ. ನಮ್ಮ ಮನೆಯಲ್ಲಿ ಅದನ್ನು ಹೇಗೆ ನಡೆಸಿಕೊಳ್ಳುತ್ತಿದ್ದೆವೆಂಬುದನ್ನು ಕ್ರಮವಾಗಿ, ಹೆಂಗಸರ ನಿಯಮವೊಂದನ್ನು ಬಿಟ್ಟರೆ ಬೇರೊಂದು ಆಚಾರವೂ ಬಿಟ್ಟುಹೋಗದಂತೆ, ಒಳ್ಳೆಯ ಗ್ರಾಂಥಿಕ ಕನ್ನಡದಲ್ಲಿ ಬರೆದಿದ್ದೆ. ಅವಳು ಅದನ್ನು ಪೂರ್ತಿ ಓದಿ, "ಹೀಗೇ ನೋಡ್ಕೋತೀವಿ ಸರ್" ಎಂದಳು. ಗೌಡರು ತಮ್ಮ ಕೂರಿಗೆಯನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದು ಬಾಗಿಲಲ್ಲಿ ಇಳಿಸಿ, ಏನು ನಿಬಂಧನೆ ಎಂದು ಅವಳು ಕೇಳಿದ್ದಕ್ಕೆ, "ಮುಟ್ಕಳ್ಲಿ, ಎಳ್ದಾಡ್ಲಿ ಬಿಡಮ್ಮ, ಅದೇನ್ ಸವ್ದೋಗ್ತದಾ" ಎಂದು ಬೀಡಿ ಹಚ್ಚಲು ಹೊರಗೆ ಹೋದರಂತೆ.

ಶಾಖೆ ತೆರೆದ ದಿನ ಅಕ್ಕನನ್ನು ಕರೆದುಕೊಂಡು ಹೋದೆ. ಅವಳು ಹಬ್ಬಕ್ಕೆ ಉಡುವ ಸೀರೆ ಉಟ್ಟಿದ್ದಳು. ಪ್ರಾರ್ಥನೆಗೆ ಯಾರಾದರೂ ಕರೆಯುವರೇನೋ ಎಂದು ನಾನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಶ್ಲೋಕವೊಂದನ್ನು ಸಿದ್ಧಮಾಡಿಕೊಂಡಿದ್ದೆ. ಪ್ರಾರ್ಥನೆಯನ್ನು ಯಂತ್ರದಲ್ಲಿ ಹಾಕಿದರು. ದೀಪ ಹಚ್ಚಲು ಊರಿನ ಹಿರಿಯರೆಂದು ಗೌಡರನ್ನು ಕರೆದರು. ಅವರು ನನಗಿಂತ ಎರಡು ವರ್ಷಕ್ಕೆ ಕಿರಿಯರು.

ಸಭಾಂಗಣದ ನಟ್ಟನಡುವೆ, ಮೇಲಿನಿಂದ ಬೀಳುವ ಹಳದಿ ಬೆಳಕಿನಲ್ಲಿ, ಕೂರಿಗೆ ನಿಂತಿತ್ತು. ಅದರ ಬಳಿ ಒಂದು ಬುಟ್ಟಿ ರಾಗಿ. ಮಕ್ಕಳು ಹಿಡಿ ರಾಗಿಯನ್ನು ಬಟ್ಟಲಿಗೆ ಸುರಿಯುವುದು, ಅದು ಕವಲೊಡೆದು ಒಂದೊಂದು ಕೊಳವೆಯಿಂದಲೂ ಸಣ್ಣ ಧಾರೆಯಾಗಿ ಇಳಿಯುವುದು, ಕೆಳಗಿನ ತಟ್ಟೆಯಲ್ಲಿ ಸರಸರನೆ ಸದ್ದಾಗುವುದು. ನಾಲ್ಕು ಗೋಡೆಯ ಗಾಜಿನ ಪೆಟ್ಟಿಗೆಗಳನ್ನೆಲ್ಲ ಎರಡು ಸಲ ಸುತ್ತಿ ನೋಡಿದೆ. ನಮ್ಮ ಕಟ್ಟು ಇರಲಿಲ್ಲ. ಅಧಿಕಾರಿಣಿಯನ್ನು ಕೇಳಿದರೆ, "ಒಳಗಡೆ ಭದ್ರವಾಗಿದೆ ಸರ್, ಯೋಚನೆ ಮಾಡ್ಬೇಡಿ" ಎಂದು ನಕ್ಕು, ಯಾರೋ ಕರೆದರೆಂದು ಹೋದಳು.

ಗೌಡರು ಸನ್ಮಾನಕ್ಕೆ ಹೊದಿಸಿದ ಶಾಲಿನಲ್ಲೇ ನನ್ನ ಬಳಿ ಬಂದರು. "ನೋಡುದ್ರಾ ಐನೋರೆ, ನಮ್ ಕೂರ್ಗೆ ಯೋಗಾನ? ಅಟ್ಟದ್ ಮ್ಯಾಲೆ ಎಗ್ಣ ಉಚ್ಚೆ ಉಯ್ತಿದ್ವು ಅದ್ರ ಮ್ಯಾಲೆ. ಈಗ್ ನೋಡಿ, ಅದ್ಕೊಂದ್ ಲೈಟು, ಒಂದ್ ಫ್ಯಾನು. ನಮ್ಮನೇಲಿ ನಂಗೇ ಫ್ಯಾನಿಲ್ಲ. ಅದ್ಸರಿ, ನಿಮ್ದೆಲ್ಲಿ, ಕಾಣ್ತಾನೇ ಇಲ್ವಲ್ಲ?"

"ಒಳಗಿದೆ" ಎಂದೆ.

"ಒಳ್ಗೇನ್ ಮಾಡ್ತೈತೆ, ಜಪ ಮಾಡ್ತೈತಾ?"

ಅವರು ಹುಡುಗಾಟಕ್ಕೆ ಅಂದದ್ದು. ನನಗೆ ಅದು ಎದೆಯಲ್ಲಿ ಉಳಿಯಿತು. ತಿರುಗಿ ನೋಡಿದರೆ ಅಕ್ಕ ಮಕ್ಕಳ ಸಾಲಿನಲ್ಲಿ ನಿಂತು, ಮುಷ್ಟಿ ತುಂಬ ರಾಗಿ ಹಿಡಿದು, ತನ್ನ ಸರದಿಗಾಗಿ ಕಾಯುತ್ತಿದ್ದಳು. ಸುರಿದಳು, ಬಗ್ಗಿ ನೋಡಿದಳು, ಇನ್ನೊಂದು ಮುಷ್ಟಿ ತೆಗೆದುಕೊಂಡಳು. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ. ಅದನ್ನು ಕೊಟ್ಟದ್ದು ಎದುರುಮನೆಯ ಕೂರಿಗೆ.

ಆಮೇಲಿನ ಆರೇಳು ವರ್ಷಗಳನ್ನು ನೆನೆದರೆ ನಾಚಿಕೆಯಾಗುತ್ತದೆ. ಕೆರೆಯ ಸುತ್ತ ಸಂಜೆ ನಡೆಯುವಾಗ ಆ ಕಟ್ಟಡದ ಮುಂದಿನ ದಾರಿಯನ್ನು ಬಿಟ್ಟು ಬಳಸಿ ಹೋಗುತ್ತಿದ್ದೆ. ಪತ್ರಿಕೆಯಲ್ಲಿ ಕೂರಿಗೆಯ ಚಿತ್ರ ಬಂತು. ಗೌಡರು ಅದಕ್ಕೆ ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು. ನಗರದ ಮೂಲ ಸಂಗ್ರಹಾಲಯದವರು ಅವರನ್ನು ಕಾರಿನಲ್ಲಿ ಕರೆದೊಯ್ದು ಬಿತ್ತನೆಯ ವಿಚಾರ ಮಾತನಾಡಿಸಿದರು. ಅಂದು ಗೌಡರು ಇಸ್ತ್ರಿ ಮಾಡಿದ ಬಿಳಿ ಪಂಚೆಯುಟ್ಟು ನಮ್ಮ ಮನೆಯ ಮುಂದೆ ನಿಂತು, "ಐನೋರೆ, ಭಾಷಣ ಎಂಗ್ ಶುರು ಮಾಡ್ಬೇಕು, ಸ್ವಲ್ಪ ಏಳ್ಕೊಡಿ" ಎಂದು ಕೇಳಿದರು. ಹೇಳಿಕೊಟ್ಟೆ. ಹೇಳಿಕೊಡುವಾಗ, ಮಧ್ಯದಲ್ಲಿ ಮರೆತುಹೋಗುವಷ್ಟು ಉದ್ದವಾದ ಪೀಠಿಕೆಯನ್ನೇ ಆರಿಸಿಕೊಟ್ಟೆ. ಅವರು ಅದನ್ನು ಬಿಟ್ಟು ತಮ್ಮ ಮಾತಿನಲ್ಲೇ ಆಡಿ ಚಪ್ಪಾಳೆ ಗಿಟ್ಟಿಸಿಕೊಂಡು ಬಂದರು.

ಜಪಕ್ಕೆ ಕುಳಿತರೆ ನೂರೆಂಟು ಮಣಿ ಮುಗಿಯುವುದರೊಳಗೆ ಎಲ್ಲೋ ಒಂದು ಕಡೆ ಆ ಬಿದಿರಿನ ಕೊಳವೆಗಳು ಕಣ್ಣಮುಂದೆ ಬಂದು ನಿಲ್ಲುತ್ತಿದ್ದವು. ನನ್ನ ತಾತ ಗುರುಗಳ ಮನೆಯ ಜಗಲಿಯಲ್ಲಿ ಕುಳಿತು ಒಂದೊಂದು ಗರಿಯನ್ನೂ ಮೊಣಕಾಲ ಮೇಲಿಟ್ಟು ಕೊರೆದದ್ದಕ್ಕೆ ಕತ್ತಲೆಯ ಕೋಣೆ. ಹೆಗ್ಗಣಗಳು ಓಡಾಡಿದ ಮರದ ತುಂಡಿಗೆ ಬೆಳಕು. ನಗರದ ಮೂಲ ಸಂಗ್ರಹಾಲಯಕ್ಕೆ ಪತ್ರ ಬರೆದೆ. "ಓಲೆಗರಿಗಿಂತ ಬಿದಿರು ಮಿಗಿಲೆಂದು ತಾವು ಬಗೆದಿರುವಂತೆ ತೋರುತ್ತದೆ" ಎಂಬ ಒಂದು ವಾಕ್ಯವನ್ನು ಬರೆದು, ಅದರ ಸೊಗಸಿಗೆ ನಾನೇ ತಲೆದೂಗಿದೆ. ಶಾಖೆಯ ವಿಸ್ತರಣೆಯಾಗಲಿದ್ದು, ಆಗ ಎಲ್ಲ ವಸ್ತುಗಳನ್ನೂ ಪರಿಶೀಲಿಸಲಾಗುವುದೆಂದು ಎರಡು ಸಾಲಿನ ಉತ್ತರ ಬಂತು.

ಅಕ್ಕ ಆಗೊಮ್ಮೆ ಈಗೊಮ್ಮೆ ಕೇಳುವಳು: "ಕಟ್ಟು ಏನಾಯ್ತೋ?"

"ಹೊಸ ಕಟ್ಟಡ ಆಗಲಿ ಅಕ್ಕ."

"ಆಗ್ಲಿ. ನಾನು ಇನ್ನೂ ಹಳೇ ಕಟ್ಟಡದಲ್ಲೇ ಇದೀನಿ, ಅದು ನಿಂತಿರೋವರ್ಗೂ ನೋಡೋಣ" ಎಂದು ತನ್ನ ಮೊಣಕಾಲು ಮುಟ್ಟಿಕೊಳ್ಳುವಳು.

ಕೊನೆಗೂ ಹಳೆಯ ಕಟ್ಟಡದ ಹಿಂದೆ ಎರಡು ಅಂತಸ್ತಿನ ಹೊಸ ಭಾಗ ಎದ್ದಿತು. ಅದರ ಪ್ರಾರಂಭಕ್ಕೆ ಬರಬೇಕಾಗಿದ್ದ ದೊಡ್ಡವರು ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಸಿಕ್ಕಿಹಾಕಿಕೊಂಡಿದ್ದರಿಂದ ಸಮಾರಂಭ ಒಂದು ಗಂಟೆ ತಡವಾಯಿತು. ಅಕ್ಕನಿಗೆ ಆಗ ಎಂಬತ್ತು. ಆಟೋದಿಂದ ಇಳಿಸಿ, ಕೈಹಿಡಿದು ಮೆಟ್ಟಿಲು ಹತ್ತಿಸಿದೆ. ಹೊಸ ಭಾಗದಲ್ಲಿ ಕೂರಿಗೆಗೆ ಒಂದು ಕೋಣೆಯನ್ನೇ ಬಿಟ್ಟುಕೊಟ್ಟಿದ್ದರು. ಗೋಡೆಯ ಮೇಲೆ ಗೌಡರು ಹೊಲದಲ್ಲಿ ಬಿತ್ತುವ ಚಲನಚಿತ್ರ ಓಡುತ್ತಿತ್ತು. ಗೌಡರೇ ಅದರ ಮುಂದೆ ಕುರ್ಚಿ ಹಾಕಿಕೊಂಡು ತಮ್ಮನ್ನು ತಾವೇ ನೋಡುತ್ತಿದ್ದರು. ಮೇಲೆ ಕೆಳಗೆ ಎಲ್ಲ ಹುಡುಕಿದೆ. ನಮ್ಮ ಕಟ್ಟು ಎಲ್ಲಿಯೂ ಇಲ್ಲ.

ನಾನು ಅಂದು ದನಿಯೆತ್ತಿದೆ. ಅಧಿಕಾರಿಣಿಯ ಕೋಣೆಗೆ ಹೋಗಿ, ಕೂರದೆ, ನಿಂತುಕೊಂಡೇ ಕೇಳಿದೆ: "ಏನಮ್ಮ, ನಮ್ಮ ತಾತನ ವಿದ್ಯೆ ನಿಮ್ಮ ಎರಡು ಅಂತಸ್ತಿನಲ್ಲಿ ಒಂದು ಮೊಳ ಜಾಗಕ್ಕೂ ಯೋಗ್ಯವಲ್ಲವೇ?"

ಅವಳು ಗಾಬರಿಯಿಂದ ಎದ್ದಳು. "ಅಯ್ಯೋ, ಹಾಗಂತ ಯಾರು ಹೇಳಿದ್ರು ಸರ್? ನೀವೇ ಬರ್ಕೊಟ್ಟಿದ್ರಲ್ಲ."

ಬೀರುವಿನಿಂದ ಒಂದು ಕಡತ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟಳು. ನನ್ನ ಅಕ್ಷರ, ನನ್ನ ಗ್ರಾಂಥಿಕ ಕನ್ನಡ. ಈ ಕಟ್ಟನ್ನು ಸ್ನಾನ ಮಾಡಿ ಶುದ್ಧರಾದವರಲ್ಲದೆ ಅನ್ಯರು ಮುಟ್ಟಕೂಡದು. ನೆಲದ ಮೇಲೆ ಇಡಕೂಡದು. ಪಾದರಕ್ಷೆ ಧರಿಸಿದವರ ಎದುರಿನಲ್ಲಿ ತೆರೆಯಕೂಡದು. ವಸ್ತ್ರವನ್ನು ವರ್ಷಕ್ಕೊಮ್ಮೆ ವಿಜಯದಶಮಿಗೆ ಮಾತ್ರ ಬಿಚ್ಚತಕ್ಕದ್ದು. ಕೊನೆಯ ಸಾಲಿನ ಕೆಳಗೆ ನಾನೇ ಗೆರೆ ಎಳೆದಿದ್ದೆ.

"ವಿಜಯದಶಮಿ ದಿನ ನಮಗೆ ರಜಾ ಸರ್" ಎಂದು ಅವಳು ಮೆಲ್ಲಗೆ ಹೇಳಿದಳು. "ಅವತ್ತು ಜನ ಯಾರೂ ಬರಲ್ಲ. ನಾನು ಆರ್.ಟಿ. ನಗರದಿಂದ ತಲೆಗೆ ಸ್ನಾನ ಮಾಡ್ಕೊಂಡು ಬರ್ತೀನಿ. ವಾಚ್‌ಮನ್ ಬಾಗಿಲು ತೆಗೀತಾನೆ. ಚಪ್ಪಲಿ ಹೊರಗೆ ಬಿಟ್ಟು, ಕಟ್ಟು ಬಿಚ್ಚಿ, ನಿಂಬೆಹುಲ್ಲಿನ ಎಣ್ಣೆ ಹಚ್ಚಿ ಒಣಗಿಸಿ, ಸಂಜೆಗೆ ಮತ್ತೆ ಸುತ್ತಿಡ್ತೀನಿ. ಒಂದು ವರ್ಷಾನೂ ತಪ್ಪಿಸಿಲ್ಲ."

ನಾನು ಬರೆದುಕೊಟ್ಟದ್ದನ್ನು ಅವಳು ಅಕ್ಷರಶಃ ಪಾಲಿಸಿದ್ದಳು. ತೋರಿಸಬೇಕೆಂದು ಒಯ್ದ ವಸ್ತುವನ್ನು ತೋರಿಸದಂತೆ ಬೀಗ ಹಾಕಿದವನು ನಾನೇ. ಬೀಗದ ಕೈಗಾಗಿ ಇಷ್ಟು ವರ್ಷ ಗೌಡರ ಮನೆಯ ಕಡೆ ಕೆಂಗಣ್ಣಿನಿಂದ ನೋಡಿದವನೂ ನಾನೇ. ತಲೆ ತಗ್ಗಿಸಬೇಕಾದ ಆ ಗಳಿಗೆಯಲ್ಲಿಯೂ ನನ್ನ ಮನಸ್ಸು ಇನ್ನೊಂದು ಕಡೆ ಹೋಯಿತು. ದಿನವಿಡೀ ಕಟ್ಟು ಬಿಚ್ಚಿಟ್ಟುಕೊಂಡು ಈ ಹುಡುಗಿ ಏನು ಮಾಡುತ್ತಿದ್ದಳು?

"ಓದ್ತಿದ್ದೆ ಸರ್" ಎಂದಳು. "ಮೊದಲೆರಡು ವರ್ಷ ಅಕ್ಷರಾನೇ ಬಿಡಿಸೋಕಾಗ್ತಿರ್ಲಿಲ್ಲ. ಈಗ ಪೂರ್ತಿ ಆಗಿದೆ. ಹನ್ನೆರಡನೇ ಗರೀಲಿ ನಿಮ್ಮ ತಾತ ಒಂದು ಸಾಲು ಬಿಟ್ಟುಬಿಟ್ಟು, ಆಮೇಲೆ ನೆನಪಾಗಿ ಅಂಚಲ್ಲಿ ಸೇರ್ಸಿದಾರಲ್ಲ, ಅದು ಎಷ್ಟು ಚೆನ್ನಾಗಿದೆ."

ನಾನು ತಲೆಯಾಡಿಸಿದೆ. ನನಗೆ ಅದು ತಿಳಿದಿರಲಿಲ್ಲ. ಹನ್ನೆರಡನೆಯ ಗರಿಯನ್ನು ನಾನು ಕಂಡೇ ಇರಲಿಲ್ಲ. ತಂದೆಯವರು ಎರಡು ಸಾಲು ಓದಿ ಮುಚ್ಚಿದರು. ನಾನೂ ಎರಡು ಸಾಲು ಓದಿ ಮುಚ್ಚಿದೆ. ಕೂರಿಗೆಯ ಮೇಲಿನ ಹೊಟ್ಟೆಕಿಚ್ಚು ಈ ಹುಡುಗಿಯ ಕಡೆಗೆ ಹರಿದಾಗ ಹೆಚ್ಚು ಸುಟ್ಟಿತು. ಗೌಡರಿಗೆ ಸಿಕ್ಕದ್ದು ಬೆಳಕು, ಶಾಲು. ಇವಳಿಗೆ ಸಿಕ್ಕದ್ದು ನನ್ನ ತಾತ.

"ಒಂದು ಕೇಳ್ಬೇಕಿತ್ತು ಸರ್. ಕೊನೇ ಗರಿ ಮೇಲೆ ಅದೇನು?"

"ಕೊನೆಯ ಗರಿ ಖಾಲಿ ಇರುತ್ತದೆ. ರಕ್ಷಣೆಗೆ ಇಡುವ ಗರಿ" ಎಂದೆ, ಪಾಠ ಹೇಳುವ ದನಿಯಲ್ಲಿ.

"ಖಾಲಿ ಇಲ್ಲ ಸರ್."

ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತಿದ್ದ ಅಕ್ಕ ಸೆರಗನ್ನು ಸರಿಮಾಡಿಕೊಂಡು, "ಬಿಚ್ಚಿ ತೋರ್ಸಮ್ಮ" ಎಂದಳು.

ಅಧಿಕಾರಿಣಿ ನನ್ನನ್ನು ನೋಡಿದಳು. "ಇವತ್ತು ವಿಜಯದಶಮಿ ಅಲ್ಲ ಅಜ್ಜಿ. ಸರ್ ನಿಬಂಧನೆ ಬದಲಾಯಿಸಿ ಬರ್ಕೊಟ್ರೆ ಮಾತ್ರ."

"ಬರ್ಕೊಡೋ."

ಅಧಿಕಾರಿಣಿಯ ಪೆನ್ನನ್ನೇ ತೆಗೆದುಕೊಂಡೆ. ಕೈ ಬಹಳ ಹೊತ್ತು ಕಾಗದದ ಮೇಲೆ ನಿಂತಿತು. ತಂದೆಯವರ ಮಡಿಪಂಚೆ, ಹೊಸ್ತಿಲು, ಮಂಗಳಾರತಿಯ ತಟ್ಟೆ ಎಲ್ಲವೂ ಎದುರಿಗೆ ಬಂದವು. ಬೆಂಚಿನ ಮೇಲಿದ್ದವಳನ್ನು ನೋಡಿದೆ. ಎಂಬತ್ತು ವರ್ಷ ಹೊಸ್ತಿಲಾಚೆ ನಿಂತವಳು. ಯಾವ ದಿನವಾದರೂ, ಯಾರಿಗಾದರೂ ತೆರೆದು ತೋರಿಸಬಹುದು ಎಂದು ಬರೆದು ರುಜು ಹಾಕಿದೆ. ಈ ಸಲ ಗ್ರಾಂಥಿಕ ಪದ ಒಂದೂ ಬರಲಿಲ್ಲ.

ಉಗ್ರಾಣದ ಉದ್ದ ಮೇಜಿನ ಮೇಲೆ ಕೆಂಪು ವಸ್ತ್ರ ಬಿಚ್ಚಿಕೊಂಡಿತು. ಅಧಿಕಾರಿಣಿ ಬಿಳಿಯ ಹತ್ತಿಯ ಕೈಗವಸು ಹಾಕಿಕೊಂಡು, ಅಕ್ಕನಿಗೂ ಒಂದು ಜೊತೆ ಕೊಟ್ಟಳು.

"ಇದು ನಿಮ್ಮ ಮಡೀನೇನೇ?" ಎಂದಳು ಅಕ್ಕ, ಬೆರಳು ತೂರಿಸುತ್ತ.

"ಹೂಂ ಅಜ್ಜಿ. ನಮ್ದೂ ಬಿಗೀನೇ."

ಗರಿಗಳನ್ನೆಲ್ಲ ದಾಟಿ ಕೊನೆಯದನ್ನು ತೆಗೆದಿಟ್ಟು, ದೀಪವನ್ನು ಓರೆಯಾಗಿ ಹಿಡಿದಳು. ಮೊದಲು ಏನೂ ಕಾಣಲಿಲ್ಲ. ಬೆಳಕು ವಾಲಿದಂತೆ ಗರಿಯ ಮೇಲೆ ಚುಕ್ಕಿಗಳು ಎದ್ದವು. ಚುಕ್ಕಿಗಳ ಸುತ್ತ ಸುತ್ತಿಕೊಂಡು ಹೋದ ಒಂದು ಎಳೆ. ಮಸಿ ತುಂಬದ, ನಡುಗುವ, ಸಣ್ಣ ಕೈಯ ಗೀರು. ಐದು ಚುಕ್ಕಿಯ ರಂಗೋಲಿ.

ಅಕ್ಕ ಬಗ್ಗಿ ಬಹಳ ಹೊತ್ತು ನೋಡಿದಳು. "ಇನ್ನೂ ಇದೆ" ಎಂದಳು.

ಆಮೇಲೆ ಹೇಳಿದಳು. ಅವಳಿಗಾಗ ಒಂಬತ್ತು ವರ್ಷ. ತಂದೆಯವರು ದೇವಸ್ಥಾನಕ್ಕೆ ಹೋಗಿದ್ದರು, ಅಮ್ಮ ಹಿತ್ತಲಲ್ಲಿದ್ದಳು, ನಾನು ಪಡಸಾಲೆಯಲ್ಲಿ ಸ್ಲೇಟಿನ ಮೇಲೆ ಅಕ್ಷರ ತಿದ್ದುತ್ತಿದ್ದೆ. ಅವಳು ದೇವರ ಮನೆಗೆ ಹೋಗಿ, ಕಟ್ಟು ಬಿಚ್ಚಿ, ಹೊಲಿಗೆಯ ಸೂಜಿಯಿಂದ ಗೀರಿದಳು.

"ತಾತನ ಹಾಗೆ ನಾನೂ ಗರಿ ಮೇಲೆ ಬರೀಬೇಕು ಅನ್ನಿಸ್ತು ಕಣೋ. ಅಕ್ಷರ ಬರ್ತಿರ್ಲಿಲ್ಲ. ಬರ್ತಿದ್ದುದು ರಂಗೋಲಿ ಒಂದೇ."

ನಾನೂ ಗರಿಯ ಮೇಲೆ ಬಗ್ಗಿದೆ.

"ಅಪ್ಪ ನೋಡ್ಬಿಟ್ರೆ ಏನ್ ಗತಿ ಅಂತ ಪ್ರತಿ ಹಬ್ಬಕ್ಕೂ ಹೊಸ್ತಿಲಾಚೆ ನಿಂತು ನಡುಗ್ತಿದ್ದೆ. ಅಪ್ಪ ಹೋದ್ಮೇಲೆ ನೀನು ನೋಡ್ತೀಯ ಅಂತ. ಪಂಡಿತರ ಮನೆ, ಯಾರೋ ಒಬ್ರು ಓದ್ತಾ ಓದ್ತಾ ಕೊನೇವರೆಗೂ ಬಂದೇ ಬರ್ತಾರೆ ಅಂದ್ಕೊಂಡಿದ್ದೆ. ಒಬ್ರೂ ಬರ್ಲಿಲ್ವಲ್ಲೋ."

ಅಧಿಕಾರಿಣಿ ದೀಪವನ್ನು ಸರಿಪಡಿಸುವ ನೆಪದಲ್ಲಿ ಆ ಕಡೆ ತಿರುಗಿದಳು.

ತಿಂಗಳೊಪ್ಪತ್ತಿನಲ್ಲಿ ಕಟ್ಟು ಹೊಸ ಭಾಗದ ಕೆಳ ಅಂತಸ್ತಿನಲ್ಲಿ ಗಾಜಿನೊಳಗೆ ಬಂತು. ತಾತನ ಮೊದಲನೆಯ ಗರಿ ಒಂದು ಪಕ್ಕ, ಕೊನೆಯ ಗರಿ ಇನ್ನೊಂದು ಪಕ್ಕ. ಕೊನೆಯ ಗರಿಗೆ ಮಾತ್ರ ಓರೆ ಬೆಳಕು. ಅದಿಲ್ಲದೆ ಗೀರು ಕಾಣದು. ಈ ಮನೆಯ ಒಂಬತ್ತು ವರ್ಷದ ಹುಡುಗಿ ಸೂಜಿಯಿಂದ ಬರೆದದ್ದು ಎಂದು ಕೆಳಗೆ ಅಂಟಿಸಿದ್ದಾರೆ. ಜನ ಅಲ್ಲಿ ಗುಂಪುಗೂಡುತ್ತಾರೆ. ಹೆಂಗಸರು ಬೆರಳಿನಿಂದ ಗಾಜಿನ ಮೇಲೆ ಆ ಎಳೆಯನ್ನು ಹಿಂಬಾಲಿಸುತ್ತಾರೆ. ಗೌಡರು ಒಂದು ದಿನ ನನ್ನ ಪಕ್ಕದಲ್ಲಿ ನಿಂತು ಅದನ್ನೆಲ್ಲ ನೋಡಿ, "ಇನ್ ನಮ್ ಕೂರ್ಗೆ ಯಾರ್ ಕೇಳ್ತಾರೆ ಬುಡಿ ಐನೋರೆ" ಎಂದು ಮುಖ ಸಣ್ಣದು ಮಾಡಿಕೊಂಡರು. ಆ ಮುಖ ನನಗೆ ಚಿರಪರಿಚಿತವಾಗಿತ್ತು. ಏಳು ವರ್ಷ ಕನ್ನಡಿಯಲ್ಲಿ ಕಂಡದ್ದು. ಆದರೆ ನಾನು ಅವರಿಗೆ ಸಮಾಧಾನ ಹೇಳುವ ಸ್ಥಿತಿಯಲ್ಲಿರಲಿಲ್ಲ. ನನ್ನ ದೃಷ್ಟಿಯೂ ಅವರ ದೃಷ್ಟಿಯಂತೆ ಆ ಗುಂಪಿನ ಮೇಲೆಯೇ ಇತ್ತು. ತಾತನ ಗರಿಯ ಮುಂದೆ ಯಾರೂ ನಿಂತಿರಲಿಲ್ಲ.

ಅಧಿಕಾರಿಣಿ ಎಲ್ಲ ಗರಿಗಳ ಚಿತ್ರ ತೆಗೆದು ದೊಡ್ಡದಾಗಿ ಮುದ್ರಿಸಿಕೊಟ್ಟಿದ್ದಾಳೆ. ದಿನಕ್ಕೆ ಅರ್ಧ ಗರಿಯಂತೆ ಮನೆಯಲ್ಲಿ ಓದುತ್ತಿದ್ದೇನೆ. ಅಕ್ಕ ಎದುರಿಗೆ ಕುಳಿತು ಕೇಳುತ್ತಾಳೆ. ತಡವರಿಸಿದ ಕಡೆ ಅಧಿಕಾರಿಣಿಯನ್ನು ಕೇಳಲು ಸಂಗ್ರಹಾಲಯಕ್ಕೆ ಹೋಗುತ್ತೇನೆ, ಅದಕ್ಕೂ ಮನಸ್ಸು ಸ್ವಲ್ಪ ಹಿಂಜರಿಯುತ್ತದೆ. ಹೋದಾಗಲೆಲ್ಲ ತಾತನ ಗರಿಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತೇನೆ. ಒಬ್ಬರು ನಿಂತರೆ ಇನ್ನೊಬ್ಬರು ನಿಲ್ಲುತ್ತಾರೆ ಎಂಬುದು ಗೌಡರ ಕೂರಿಗೆಯ ಬಳಿ ಕಲಿತ ವಿದ್ಯೆ. ಮೊನ್ನೆ ಹಾಗೆ ನಿಂತಿದ್ದಾಗ ಶಾಲೆಯ ಸಮವಸ್ತ್ರದ ಒಬ್ಬ ಹುಡುಗಿ ನನ್ನ ಪಕ್ಕದಲ್ಲಿ ಬಂದು ನಿಂತಳು. ನಾನು ಗಂಟಲು ಸರಿಮಾಡಿಕೊಂಡು, ಮೊದಲ ಸಾಲನ್ನು ಓದಿ ಹೇಳಲು ಅಣಿಯಾದೆ.

"ತಾತ, ಸ್ವಲ್ಪ ಆ ಕಡೆ ಬರ್ತೀರಾ? ನಿಮ್ಮ ನೆರಳು ಬಿದ್ದು ರಂಗೋಲಿ ಕಾಣ್ತಿಲ್ಲ" ಎಂದಳು.

ನಾನು ಪಕ್ಕಕ್ಕೆ ಸರಿದೆ.